ಕಳೆ ಮೆಷಿನ್ನಿನ ಸದ್ದಿಗೆ ಯಾವ ಹೆಡ್‌ಫೋನ್?

ಕಳೆದ ಸಂಚಿಕೆಯಲ್ಲಿ ನಮ್ಮ ತರಗತಿಯ ಗೆಳತಿಯೊಬ್ಬಳು ಮೊಬೈಲ್ ಕೊಳ್ಳುವಾಗ ಬಿಲ್ಲು ಮತ್ತು ವಾರಂಟಿ ಕಾರ್ಡನ್ನು ಹೇಗೆ ನೋಡಬೇಕು ಎಂದು ಬರೆದಿದ್ದಳು. ಅದನ್ನು ಓದಿದ ನಮ್ಮ ವ್ಯವಹಾರ ಅಧ್ಯಯನದ ಸರ್ ನನ್ನನ್ನು ಕರೆದು, "ಹೆಡ್‌ಫೋನ್ ತಗೊಂಡು ಕೈ ಸುಟ್ಟುಕೊಂಡಿದ್ದೀಯಲ್ಲ, ಅದನ್ನೇ ಈ ಸಲ ಬರಿ. ಕಥೆ ಬೇಡ, ಪಾಠದ ಹಾಗೆ ಬರಿ" ಎಂದರು. ಪಾಠದ ಹಾಗೆಯೇ ಬರೆಯಲು ಪ್ರಯತ್ನಿಸಿದ್ದೇನೆ. ಆದರೆ ಕಥೆ ಸ್ವಲ್ಪ ಬಂದೇ ಬರುತ್ತದೆ, ಏಕೆಂದರೆ ಈ ಪಾಠ ನನಗೆ ಸಿಕ್ಕಿದ್ದು ಪುಸ್ತಕದಿಂದಲ್ಲ.

ನಮ್ಮ ಅಬ್ಬಾ ಅವರದು ಕಳೆ ಹೊಡೆಯುವ ಕೆಲಸ. ಸಾಗರದ ಸುತ್ತಮುತ್ತಲಿನ ಅಡಿಕೆ ತೋಟಗಳಿಗೆ ತಮ್ಮದೇ ಮೆಷಿನ್ ಹೆಗಲಿಗೆ ಹಾಕಿಕೊಂಡು ಹೋಗುತ್ತಾರೆ. ಮಳೆ ಹಿಡಿದ ಮೇಲೆ ಒಂದು ಸುತ್ತು, ಕೊನೆ ಕೊಯ್ಲಿಗೆ ಮೊದಲು ಇನ್ನೊಂದು ಸುತ್ತು, ನಡುವೆ ರಸ್ತೆ ಬದಿ, ಶಾಲೆ ಮೈದಾನ, ಖಬರಸ್ತಾನ ಹೀಗೆ ಸಿಕ್ಕಿದ ಕೆಲಸ. ಎಲ್ಲ ಸೇರಿ ವರ್ಷಕ್ಕೆ ಸುಮಾರು 120 ದಿನ ಮೆಷಿನ್ ಓಡುತ್ತದೆ. ಕೂಲಿ ದಿನಕ್ಕೆ 1,300 ರೂಪಾಯಿ, ಪೆಟ್ರೋಲ್ ತೋಟದವರದು. ರಜೆ ಇದ್ದಾಗ ನಾನೂ ಹೋಗುತ್ತೇನೆ. ಪೆಟ್ರೋಲಿಗೆ ಆಯಿಲ್ ಬೆರೆಸುವುದು, ನೈಲಾನ್ ದಾರ ಸುತ್ತಿ ಕೊಡುವುದು, ಮುಂದಿನ ಸಾಲಿನಲ್ಲಿ ಕಲ್ಲು ಮತ್ತು ಬಿದ್ದ ಹಾಳೆ ಆರಿಸಿಡುವುದು ನನ್ನ ಕೆಲಸ.

ಒಂದು ವರ್ಷದ ಹಿಂದೆ ಮನೆಯಲ್ಲಿ ಒಂದು ತಮಾಷೆ ಶುರುವಾಯಿತು. ಅಮ್ಮಿ "ಸಾತ್ ಬಜೇ" ಎಂದರೆ ಅಬ್ಬಾ "ಆಠ್" ಎಂದು ಕೇಳಿಸಿಕೊಳ್ಳುತ್ತಿದ್ದರು. ಉರ್ದುವಿನಲ್ಲಿ ಸಾತ್ ಎಂದರೆ ಏಳು, ಆಠ್ ಎಂದರೆ ಎಂಟು. ನಾವೆಲ್ಲ ನಗುತ್ತಿದ್ದೆವು, ಅವರೂ ನಗುತ್ತಿದ್ದರು. ಆಮೇಲೆ ಒಂದು ದಿನ ಚಾಚಾ ಫೋನಿನಲ್ಲಿ ಏಳು ಗಂಟೆಯ ಬಸ್ಸಿಗೆ ದಾದಿಯನ್ನು ಕಳಿಸುತ್ತೇನೆ ಎಂದಿದ್ದಕ್ಕೆ ಅಬ್ಬಾ ಎಂಟಕ್ಕೆ ಹೋದರು. ಎಪ್ಪತ್ತು ದಾಟಿದ ದಾದಿ ಮಳೆಯಲ್ಲಿ ಬಸ್ ಸ್ಟ್ಯಾಂಡಿನ ಮೂಲೆಯಲ್ಲಿ ಒಂದು ಗಂಟೆ ಕೂತಿದ್ದರು. ಅಂದಿನಿಂದ ಯಾರೂ ನಗಲಿಲ್ಲ.

ನನಗೆ ಆಗ ವಿದ್ಯಾರ್ಥಿವೇತನದ ಹಣ ಬಂದಿತ್ತು. ಮೆಷಿನ್ ಸದ್ದಿನಿಂದಲೇ ಹೀಗಾಗಿದೆ, ಸದ್ದು ತಡೆಯುವ ಹೆಡ್‌ಫೋನ್ ಕೊಟ್ಟರೆ ಸರಿಹೋಗುತ್ತದೆ ಎಂದುಕೊಂಡು ಆನ್‌ಲೈನ್‌ನಲ್ಲಿ 2,200 ರೂಪಾಯಿಗೆ ಒಂದು ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ತರಿಸಿದೆ. ಡಬ್ಬದ ಮೇಲೆ 35 ಡೆಸಿಬಲ್ ಎಂದು ದೊಡ್ಡದಾಗಿ ಬರೆದಿತ್ತು. ಅಷ್ಟು ಸಾಕಲ್ಲವೇ ಎನಿಸಿತು. ನನ್ನ ತಪ್ಪು ಶುರುವಾಗಿದ್ದು ಆ 35ರಿಂದ.

ಮೊದಲು ಡೆಸಿಬಲ್ ಎಂದರೇನು ಎಂದು ತಿಳಿಯಬೇಕು. ನಾವು ವಾಣಿಜ್ಯದವರು ಕೂಡಿಸಿ ಕಳೆದು ಲೆಕ್ಕ ಮಾಡಿ ರೂಢಿ. ಸದ್ದಿನ ಲೆಕ್ಕ ಹಾಗಿಲ್ಲ. 10 ಡೆಸಿಬಲ್ ಹೆಚ್ಚಾದರೆ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ, 20 ಹೆಚ್ಚಾದರೆ ನೂರು ಪಟ್ಟು. ಬರೀ 3 ಡೆಸಿಬಲ್ ಹೆಚ್ಚಾದರೂ ಶಕ್ತಿ ಇಮ್ಮಡಿ. ಇದು ಚಕ್ರಬಡ್ಡಿಯ ಹಾಗೆ ಎಂದುಕೊಳ್ಳಿ: ಸಂಖ್ಯೆ ಚಿಕ್ಕದಾಗಿ ಕಾಣುತ್ತದೆ, ಮೊತ್ತ ಬೆಳೆದಿರುತ್ತದೆ. ಮಾಮೂಲಿ ಮಾತುಕತೆ ಸುಮಾರು 60 ಡೆಸಿಬಲ್. ಪೆಟ್ರೋಲಿನ ಕಳೆ ಮೆಷಿನ್ ಪೂರ್ತಿ ವೇಗದಲ್ಲಿದ್ದಾಗ ಹಿಡಿದವರ ಕಿವಿಯ ಬಳಿ 100ರ ಆಸುಪಾಸು. ಮರ ಕೊಯ್ಯುವ ಚೈನ್‌ಸಾ ಇನ್ನೂ ಮೇಲೆ, 110ರವರೆಗೆ ಹೋಗುತ್ತದೆ. ನಮ್ಮ ಮೆಷಿನ್ನಿನ ಜೊತೆ ಬಂದ ಪುಸ್ತಕದಲ್ಲೇ ಇದು ಬರೆದಿತ್ತು. ಆ ಪುಸ್ತಕ ನಾಲ್ಕು ವರ್ಷದಿಂದ ಬೀರುವಿನ ಮೇಲೆ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಬಿದ್ದಿತ್ತು.

ಎಷ್ಟು ಸದ್ದನ್ನು ಎಷ್ಟು ಹೊತ್ತು ಕೇಳಬಹುದು ಎಂಬುದಕ್ಕೆ ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆ, ಅಂದರೆ ನಿಯೋಶ್, ಒಂದು ಲೆಕ್ಕ ಕೊಟ್ಟಿದೆ. 85 ಡೆಸಿಬಲ್ ಇದ್ದರೆ ದಿನಕ್ಕೆ 8 ಗಂಟೆ. ಅಲ್ಲಿಂದ ಪ್ರತಿ 3 ಡೆಸಿಬಲ್‌ಗೆ ಸಮಯ ಅರ್ಧ: 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ 1, 97ಕ್ಕೆ ಅರ್ಧ ಗಂಟೆ, 100ಕ್ಕೆ 15 ನಿಮಿಷ. ನಮ್ಮ ದೇಶದ ಕಾರ್ಖಾನೆ ನಿಯಮಗಳಲ್ಲಿ 8 ಗಂಟೆಗೆ 90 ಡೆಸಿಬಲ್ ಮಿತಿ ಇದೆ, ಅದು ಸ್ವಲ್ಪ ಸಡಿಲ. ಆದರೆ ತೋಟ ಕಾರ್ಖಾನೆಯಲ್ಲ, ಅಲ್ಲಿಗೆ ಅಳೆಯಲು ಯಾರೂ ಬರುವುದಿಲ್ಲ. ನಿಯೋಶ್ ಲೆಕ್ಕದ ಪ್ರಕಾರ ಅಬ್ಬಾ ಬೆಳಿಗ್ಗೆ ಎಂಟಕ್ಕೆ ಮೆಷಿನ್ ಹಚ್ಚಿದರೆ ಎಂಟೂಕಾಲಿಗೆ ಆ ದಿನದ ಪಾಲು ಮುಗಿಯಿತು. ಉಳಿದ ನಾಲ್ಕೂಮುಕ್ಕಾಲು ಗಂಟೆ ಎಲ್ಲವೂ ಸಾಲ.

ಅಳತೆಯ ಸಾಧನ ಇಲ್ಲದವರಿಗೆ ಒಂದು ಸುಲಭ ಪರೀಕ್ಷೆ ಇದೆ. ಒಂದು ತೋಳಿನ ದೂರದಲ್ಲಿ ನಿಂತವರ ಜೊತೆ ಮಾತಾಡಲು ಕೂಗಬೇಕಾಗಿ ಬಂದರೆ ಅಲ್ಲಿನ ಸದ್ದು 85 ದಾಟಿದೆ ಎಂದುಕೊಳ್ಳಬಹುದು. ಹಿಟ್ಟಿನ ಗಿರಣಿ, ಮರದ ಮಿಲ್ಲು, ವೆಲ್ಡಿಂಗ್ ಶಾಪಿನ ಗ್ರೈಂಡರ್, ಜನರೇಟರ್ ಇರುವ ಶಾಮಿಯಾನದ ಕೆಲಸ, ಇವೆಲ್ಲ ನಮ್ಮ ಕಾಲೇಜಿನ ಎಷ್ಟೋ ಮನೆಗಳ ಕೆಲಸಗಳೇ. ಇವತ್ತು ಮನೆಗೆ ಹೋಗಿ ಈ ಪರೀಕ್ಷೆ ಮಾಡಿ ನೋಡಿ.

ಈಗ ಹೆಡ್‌ಫೋನ್. ಸದ್ದು ತಡೆಯುವುದರಲ್ಲಿ ಎರಡು ಬೇರೆ ಬೇರೆ ವಿಧಾನಗಳಿವೆ. ಒಂದು, ಗೋಡೆ ಕಟ್ಟುವುದು. ದಪ್ಪ ಕಪ್ಪು, ಮೆತ್ತನೆ ದಿಂಬು, ಬಿಗಿಯಾದ ಪಟ್ಟಿ, ಇದಕ್ಕೆ ಇಯರ್ ಮಫ್ ಎನ್ನುತ್ತಾರೆ. ಬ್ಯಾಟರಿ ಇಲ್ಲ, ವೈರ್ ಇಲ್ಲ. ಇನ್ನೊಂದು, ಎದುರು ಸದ್ದು ಮಾಡುವುದು. ನಾಯ್ಸ್ ಕ್ಯಾನ್ಸಲಿಂಗ್ ಎಂದರೆ ಇದು. ಹೆಡ್‌ಫೋನಿನ ಮೈಕ್ ಹೊರಗಿನ ಸದ್ದನ್ನು ಕೇಳಿ, ಅದರ ಅಲೆ ಏರಿದಲ್ಲಿ ಇಳಿಯುವ, ಇಳಿದಲ್ಲಿ ಏರುವ ತದ್ವಿರುದ್ಧ ಅಲೆಯನ್ನು ಸ್ಪೀಕರಿನಿಂದ ಬಿಡುತ್ತದೆ. ಜಮಾ ಮತ್ತು ಖರ್ಚು ಸಮವಾಗಿ ಶಿಲ್ಕು ಸೊನ್ನೆಯಾದ ಹಾಗೆ ಎರಡೂ ಒಂದನ್ನೊಂದು ಕಳೆಯುತ್ತವೆ.

ಇದು ಹೊಸ ಯೋಚನೆಯಲ್ಲ. ಜರ್ಮನಿಯ ಪಾಲ್ ಲ್ಯೂಗ್ ಎಂಬುವರಿಗೆ 1936ರಲ್ಲೇ ಇದರ ಅಮೆರಿಕನ್ ಪೇಟೆಂಟ್ ಸಿಕ್ಕಿತ್ತು. ಆದರೆ ಅದನ್ನು ಕಿವಿಗೆ ಹಾಕುವಂತೆ ಮಾಡಲು ಬಹಳ ವರ್ಷ ಬೇಕಾಯಿತು. ಅಮರ್ ಬೋಸ್ ಎಂಬ ಎಂಜಿನಿಯರ್ 1978ರಲ್ಲಿ ಜ್ಯೂರಿಕ್‌ನಿಂದ ವಿಮಾನದಲ್ಲಿ ಹೋಗುವಾಗ, ಎಂಜಿನ್ ಸದ್ದಿನಲ್ಲಿ ಹಾಡು ಕೇಳಿಸದೆ, ಕೂತಲ್ಲೇ ಲೆಕ್ಕ ಹಾಕಲು ಶುರುಮಾಡಿದರಂತೆ. ಅವರ ಕಂಪನಿಯ ಪೈಲಟ್ ಹೆಡ್‌ಸೆಟ್ ಮಾರಾಟಕ್ಕೆ ಬಂದಿದ್ದು 1989ರಲ್ಲಿ. ಅವರ ತಂದೆ ಬಂಗಾಳದಿಂದ ಅಮೆರಿಕಕ್ಕೆ ಹೋದ ಸ್ವಾತಂತ್ರ್ಯ ಹೋರಾಟಗಾರರು. ಇದು ಪರೀಕ್ಷೆಗೆ ಬರುವುದಿಲ್ಲ, ನನಗೆ ಇಷ್ಟವಾಯಿತು ಎಂದು ಬರೆದೆ.

ಗಮನಿಸಬೇಕಾದ್ದು ಏನೆಂದರೆ, ಈ ಹೆಡ್‌ಫೋನ್ ಹುಟ್ಟಿದ್ದು ವಿಮಾನಕ್ಕಾಗಿ. ವಿಮಾನದ ಸದ್ದು ಒಂದೇ ಸಮನೆ ಗುಂಯ್‌ಗುಡುವ ತಗ್ಗು ಸದ್ದು. ತಗ್ಗು ಸದ್ದಿನ ಅಲೆ ಬಹಳ ಉದ್ದ. 100 ಹರ್ಟ್ಸ್ ಸದ್ದಿನ ಒಂದು ಅಲೆ ಸುಮಾರು ಮೂರೂವರೆ ಮೀಟರ್. ಅಷ್ಟು ಉದ್ದದ ಅಲೆಗೆ ಎದುರು ಅಲೆ ಜೋಡಿಸುವಾಗ ಕೂದಲೆಳೆಯಷ್ಟು ಹೆಚ್ಚುಕಡಿಮೆ ಆದರೂ ನಡೆಯುತ್ತದೆ. ಆದರೆ 4,000 ಹರ್ಟ್ಸ್ ಸದ್ದಿನ ಅಲೆ ಎಂಟೂವರೆ ಸೆಂಟಿಮೀಟರ್ ಮಾತ್ರ. ಅಲ್ಲಿ ಸ್ವಲ್ಪ ತಪ್ಪಿದರೂ ಲೆಕ್ಕ ಹೊಂದುವುದಿಲ್ಲ. ಹಾಗಾಗಿ ಈ ಹೆಡ್‌ಫೋನ್‌ಗಳು ಸುಮಾರು 1,000 ಹರ್ಟ್ಸ್‌ಗಿಂತ ಕೆಳಗಿನ ಸದ್ದನ್ನು ಚೆನ್ನಾಗಿ ಅಳಿಸುತ್ತವೆ, ಮೇಲಿನದಕ್ಕೆ ಬರೀ ದಿಂಬೇ ಗತಿ. ಡಬ್ಬದ ಮೇಲಿನ 35 ಡೆಸಿಬಲ್ ಎಂಬುದು ತಗ್ಗು ಸದ್ದಿನಲ್ಲಿ ಅದು ಎಲ್ಲಿ ಅತಿ ಚೆನ್ನಾಗಿ ಕೆಲಸ ಮಾಡುತ್ತದೋ ಅಲ್ಲಿನ ಅಂಕಿ. ಒಂದೇ ವಿಷಯದಲ್ಲಿ 98 ತೆಗೆದವನು ಅದನ್ನೇ ಒಟ್ಟು ಶೇಕಡಾ ಎಂದು ಹೇಳಿಕೊಂಡ ಹಾಗೆ.

ಕಳೆ ಮೆಷಿನ್ನಿನ ಸದ್ದಿನಲ್ಲಿ ಎರಡೂ ಇದೆ. ಟೂ ಸ್ಟ್ರೋಕ್ ಎಂಜಿನ್ ಪ್ರತಿ ಸುತ್ತಿಗೆ ಒಮ್ಮೆ ಸಿಡಿಯುತ್ತದೆ. ನಿಮಿಷಕ್ಕೆ 6,000 ಸುತ್ತು ಎಂದರೆ ಸೆಕೆಂಡಿಗೆ 100, ಅಂದರೆ ಮೂಲ ಸದ್ದು 100 ಹರ್ಟ್ಸ್. ಅದರ ಮೇಲೆ ಅದರ ಮಡಿಕೆಗಳು, ಸೈಲೆನ್ಸರಿನ ಕಿರುಚು, ನೈಲಾನ್ ದಾರ ಗಾಳಿ ಸೀಳುವ ಸುಯ್ ಸದ್ದು, ದಾರ ಕಲ್ಲಿಗೆ ಬಡಿದಾಗಿನ ಚಟ್ ಸದ್ದು. ಹೆಡ್‌ಫೋನ್ ಹಾಕಿದಾಗ ಅಬ್ಬಾ ಮೊದಲ ದಿನ ಬಹಳ ಖುಷಿಪಟ್ಟರು. "ಮೆಷಿನ್ ಬಂದ್ ಆದ ಹಾಗೆ ಇದೆ" ಎಂದರು. ನಿಜ, ಗುಡುಗುಡು ಹೋಗಿತ್ತು. ಕಿವಿಗೆ ಕೆಟ್ಟದ್ದು ಮಾಡುವ ಮೇಲಿನ ಸದ್ದು ಹೆಚ್ಚುಕಡಿಮೆ ಹಾಗೇ ಒಳಗೆ ಬರುತ್ತಿತ್ತು. ಸದ್ದು ಕಡಿಮೆ ಅನ್ನಿಸುವುದು ಬೇರೆ, ಕಿವಿ ಕಾಪಾಡುವುದು ಬೇರೆ. ಇದೊಂದು ವಾಕ್ಯ ನನಗೆ 2,200 ರೂಪಾಯಿಗೆ ಬಿತ್ತು.

ಇನ್ನೂ ಎರಡು ತೊಂದರೆ ಬಂತು. ಬಯಲಲ್ಲಿ ಗಾಳಿ ಬೀಸಿದಾಗ ಹೊರಗಿನ ಮೈಕಿಗೆ ಗಾಳಿ ಬಡಿದು ಬೊರ್ರ್ ಎಂಬ ಹೊಸ ಸದ್ದು ಹುಟ್ಟುತ್ತಿತ್ತು. ಮತ್ತೆ, ಅದರಲ್ಲಿ ಹಾಡು ಬರುತ್ತದಲ್ಲ. ಅಬ್ಬಾ ಹಳೆ ಕವ್ವಾಲಿ ಹಾಕಿಕೊಂಡರು. ಮೆಷಿನ್ ಸದ್ದಿನ ಮೇಲೆ ಹಾಡು ಕೇಳಬೇಕೆಂದು ದನಿ ಏರಿಸಿದರು. ಹೊರಗಿನ ಸದ್ದಿನ ಮೇಲೆ ಒಳಗಿನ ಸದ್ದು.

ಮೂರನೇ ದಿನ ಭಾನುವಾರ. ನಾನು ಪೆಟ್ರೋಲ್ ಕ್ಯಾನ್ ಹಿಡಿದು ಹಿಂದಿನಿಂದ ಹೋಗಿ "ಅಬ್ಬಾ" ಎಂದೆ. ಕೇಳಲಿಲ್ಲ. ಮತ್ತೆ ಕೂಗಿ ಹತ್ತಿರ ಹೋದೆ. ಅವರು ಸಾಲು ಮುಗಿದು ಮೆಷಿನ್ ಸಮೇತ ತಿರುಗಿದರು. ಆ ದಿನ ದಾರ ಅಲ್ಲ, ಕಬ್ಬಿಣದ ಬ್ಲೇಡ್ ಹಾಕಿದ್ದರು. ನನ್ನ ಮೊಣಕಾಲಿಗೂ ಬ್ಲೇಡಿಗೂ ಒಂದು ಗೇಣು ಇತ್ತು. ಅಬ್ಬಾ ಮೆಷಿನ್ ಕೆಳಗಿಟ್ಟು ಬಸಿಗಾಲುವೆಯ ಅಂಚಿನಲ್ಲಿ ಕೂತುಬಿಟ್ಟರು. ತುಂಬ ಹೊತ್ತು ಮಾತಾಡಲಿಲ್ಲ. ಸಂಜೆ ಹೆಡ್‌ಫೋನ್ ತೆಗೆದು ನನ್ನ ಕೈಗೆ ಕೊಟ್ಟು, "ನೀನು ಓದುವಾಗ ಹಾಕಿಕೋ" ಎಂದರು. ಆ ರಾತ್ರಿಯೂ ಅವರ ಕಿವಿಯಲ್ಲಿ ಯಾವಾಗಿನಂತೆ ಸೀಟಿ ಹೊಡೆಯುತ್ತಿತ್ತು. ಅಂದರೆ ಹೆಡ್‌ಫೋನಿನಿಂದ ಆ ಸೀಟಿಯೂ ನಿಂತಿರಲಿಲ್ಲ.

ಆಮೇಲೆ ಶಿವಮೊಗ್ಗದಲ್ಲಿ ಕಿವಿ ಪರೀಕ್ಷೆ ಮಾಡಿಸಿದೆವು. ಗಾಜಿನ ಕೋಣೆಯಲ್ಲಿ ಕೂರಿಸಿ, ಬೇರೆ ಬೇರೆ ಸದ್ದು ಕೊಟ್ಟು, ಕೇಳಿದಾಗ ಗುಂಡಿ ಒತ್ತಿಸುತ್ತಾರೆ. ಕೊನೆಗೆ ಒಂದು ಗ್ರಾಫ್ ಕೊಡುತ್ತಾರೆ, ಅದಕ್ಕೆ ಆಡಿಯೋಗ್ರಾಮ್ ಎಂದು ಹೆಸರು. ಅಬ್ಬಾ ಅವರ ಗ್ರಾಫಿನಲ್ಲಿ ತಗ್ಗು ಸದ್ದಿನ ಕಡೆ ಗೆರೆ ಸರಿಯಾಗೇ ಇತ್ತು. 4,000 ಹರ್ಟ್ಸ್ ಬಳಿ ಬಾವಿಯ ಹಾಗೆ ಇಳಿದಿತ್ತು, ಬಲಗಿವಿಯಲ್ಲಿ ಹೆಚ್ಚು. ಮೆಷಿನ್ನಿನ ಎಂಜಿನ್ ಇರುವುದೂ ಅವರ ಬಲಗಡೆ ಸೊಂಟದ ಹಿಂದೆ. ಸದ್ದಿನಿಂದ ಹಾಳಾದ ಕಿವಿಯ ಗುರುತೇ ಈ 4,000ದ ತಗ್ಗು ಎಂದು ಪರೀಕ್ಷೆ ಮಾಡಿದ ಮೇಡಂ ಹೇಳಿದರು. ಅಲ್ಲಿಯೇ ನಮ್ಮ ಸಾತ್-ಆಠ್ ಗಂಟೂ ಬಿಚ್ಚಿತು. ಸ, ಶ, ಫ ಈ ಅಕ್ಷರಗಳ ಸದ್ದು ಇರುವುದು ಆ ಎತ್ತರದಲ್ಲಿ. ಆ, ಓ, ಊ ಸ್ವರಗಳು ಕೆಳಗೆ. "ಸಾತ್" ಎಂದರೆ ಅಬ್ಬಾ ಕಿವಿಗೆ ಮುಂದಿನ ಸ ಬೀಳುವುದಿಲ್ಲ, ಉಳಿಯುವುದು "ಆತ್". ಅದು ಆಠ್ ಅಲ್ಲದೆ ಮತ್ತೇನು? ಕಿವಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಮನೆಯವರು "ಎಷ್ಟು ಸಲ ಹೇಳಬೇಕು" ಎಂದು ಸಿಡುಕುವುದು, ಅವರು ಸುಮ್ಮನಾಗುವುದು, ಎಲ್ಲ ಇಲ್ಲಿಂದ.

ನಮ್ಮ ಒಳಗಿವಿಯಲ್ಲಿ ಹುಟ್ಟುವಾಗ ಸುಮಾರು 15,000 ಕೇಶ ಕೋಶಗಳು ಇರುತ್ತವೆ. ಸತ್ತರೆ ಮತ್ತೆ ಹುಟ್ಟುವುದಿಲ್ಲ. ಪ್ರಥಮ ಪಿಯುಸಿಯಲ್ಲಿ ನಾವು ಸವಕಳಿಯ ಲೆಕ್ಕ ಮಾಡಿದ್ದೇವೆ: ಯಂತ್ರ ಸವೆಯುತ್ತದೆ, ವರ್ಷ ವರ್ಷ ಒಂದಿಷ್ಟು ತೆಗೆದಿಡುತ್ತೇವೆ, ಕೊನೆಗೆ ಹೊಸದು ಕೊಳ್ಳುತ್ತೇವೆ. ಅಬ್ಬಾ ತಮ್ಮ ಮೆಷಿನ್ನಿಗೆ ಹೊಸ ಪಿಸ್ಟನ್ ಹಾಕಿಸಿದ್ದಾರೆ, ಕ್ಲಚ್ ಬದಲಿಸಿದ್ದಾರೆ. ಕಿವಿಗೆ ಆ ಕಾಲಂ ಇಲ್ಲ. ಶ್ರವಣ ಯಂತ್ರ ಸದ್ದನ್ನು ದೊಡ್ಡದು ಮಾಡಿ ಕೊಡುತ್ತದೆ, ಹೋದ ಕೋಶವನ್ನು ತರುವುದಿಲ್ಲ. ಹೆಚ್ಚಿನ ಪರೀಕ್ಷೆ ಬೇಕಾದವರಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ. ನಮ್ಮ ರಾಜ್ಯದಲ್ಲೇ ಇದ್ದರೂ ನಮ್ಮ ಮೊಹಲ್ಲಾದಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಪರೀಕ್ಷೆ ಮುಗಿಸಿ ನಾವು ಹೆಲ್ಮೆಟ್, ಗಮ್‌ಬೂಟ್, ಗ್ಲೌಸ್ ಮಾರುವ ಸೇಫ್ಟಿ ಸಾಮಾನಿನ ಅಂಗಡಿಗೆ ಹೋದೆವು. ಈ ಸಲ ನಾನು ಓದಿಕೊಂಡು ಹೋಗಿದ್ದೆ. ನೋಡಬೇಕಾದ ಅಂಕಿ ಎನ್‌ಆರ್‌ಆರ್. ಕಿವಿ ರಕ್ಷಣೆಯ ಸಾಧನ ಎಷ್ಟು ಡೆಸಿಬಲ್ ತಡೆಯುತ್ತದೆ ಎಂದು ಪ್ರಯೋಗಾಲಯದಲ್ಲಿ ಅಳೆದು ಹಾಕುವ ಅಂಕಿ ಅದು. ಯುರೋಪಿನ ಮಾಲಾದರೆ ಎಸ್‌ಎನ್‌ಆರ್ ಎಂದಿರುತ್ತದೆ, ಜೊತೆಗೆ ಇಎನ್ 352 ಎಂಬ ಗುರುತು. ನಮ್ಮ ಭಾರತೀಯ ಮಾನಕ ಐಎಸ್ 9167. ನಾವು ಕೊಂಡ ಹೆಡ್‌ಫೋನಿನ ಡಬ್ಬದಲ್ಲಿ ಇವು ಯಾವುವೂ ಇರಲಿಲ್ಲ. ಹಾಡು ಕೇಳಲು ಮಾಡಿದ ಹೆಚ್ಚಿನ ಹೆಡ್‌ಫೋನ್‌ಗಳಲ್ಲಿ ಇರುವುದಿಲ್ಲ, ಏಕೆಂದರೆ ಅವು ರಕ್ಷಣೆಯ ಸಾಧನ ಎಂದು ಪರೀಕ್ಷೆಗೆ ಹೋದವೇ ಅಲ್ಲ. ಅಂಗಡಿಯವರು ಮೊದಲು ತೋರಿಸಿದ 350 ರೂಪಾಯಿಯ ಮಫ್‌ನಲ್ಲೂ ಯಾವ ಅಂಕಿಯೂ ಇರಲಿಲ್ಲ. ಅದನ್ನು ಪಕ್ಕಕ್ಕೆ ಇಟ್ಟೆವು.

ಅಂಕಿ ಇದ್ದರೂ ಪೂರ್ತಿ ನಂಬುವ ಹಾಗಿಲ್ಲ. ಪ್ರಯೋಗಾಲಯದಲ್ಲಿ ಸರಿಯಾಗಿ ಕೂರಿಸಿ ಅಳೆಯುತ್ತಾರೆ. ತೋಟದಲ್ಲಿ ಬೆವರು, ಗಡ್ಡ, ಟೋಪಿ, ಅವಸರ. ಅದಕ್ಕೆ ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ ಓಷಾ ಒಂದು ಸೂತ್ರ ಹೇಳುತ್ತದೆ: ಎನ್‌ಆರ್‌ಆರ್‌ನಿಂದ 7 ಕಳೆಯಿರಿ, ಉಳಿದದ್ದನ್ನು 2ರಿಂದ ಭಾಗಿಸಿ. ಬಂದದ್ದು ನಿಮಗೆ ನಿಜವಾಗಿ ಸಿಗುವ ರಕ್ಷಣೆ. ಅಂಗಡಿಯಲ್ಲಿ ಇದ್ದವು ಎರಡು. ಒಂದು 25ರದು, ಹಗುರ, 1,100 ರೂಪಾಯಿ. ಇನ್ನೊಂದು 31ರದು, ದೊಡ್ಡ ಕಪ್ಪಿನದು, ಬೆಲೆ ಎರಡು ಪಟ್ಟಿಗಿಂತ ಹೆಚ್ಚು. ನಾನು ಅಲ್ಲೇ ಬಿಲ್ಲಿನ ಹಿಂದೆ ಲೆಕ್ಕ ಹಾಕಿದೆ. 31ರದು: 24ರ ಅರ್ಧ 12. ಮೆಷಿನ್ 100 ಎಂದರೆ ಕಿವಿಗೆ 88, ಅಂದರೆ 4 ಗಂಟೆ. 25ರದು: 18ರ ಅರ್ಧ 9. ಕಿವಿಗೆ 91, ಅಂದರೆ 2 ಗಂಟೆ. ಅಬ್ಬಾ ಮೆಷಿನ್ ಹಿಡಿಯುವುದು ದಿನಕ್ಕೆ ಐದು ಗಂಟೆ. ದುಬಾರಿಯದ್ದೂ ಸಾಲುವುದಿಲ್ಲ!

ನಾನು ಸುಮ್ಮನೆ ನಿಂತಿದ್ದನ್ನು ನೋಡಿ ಅಂಗಡಿಯವರೇ ಕಿವಿಯೊಳಗೆ ಇಡುವ ಫೋಮ್ ಪ್ಲಗ್ ಕೊಟ್ಟರು. ಜೋಡಿಗೆ 12 ರೂಪಾಯಿ, ಎನ್‌ಆರ್‌ಆರ್ 29. ಪ್ಲಗ್ ಮತ್ತು ಮಫ್ ಎರಡೂ ಹಾಕಿದರೆ ಎರಡರ ಅಂಕಿ ಕೂಡಿಸಬಾರದು. ಯಾವುದು ದೊಡ್ಡದೋ ಅದರ ಲೆಕ್ಕ ಮಾಡಿ, ಅದಕ್ಕೆ 5 ಸೇರಿಸಬೇಕು ಅಷ್ಟೇ. 29ರಿಂದ 7 ಕಳೆದರೆ 22, ಅರ್ಧ 11, ಐದು ಸೇರಿ 16. ಕಿವಿಗೆ 84. ಎಂಟು ಗಂಟೆಯ ಮಿತಿಯ ಒಳಗೆ ಬಂತು. ಭಾರದ ಮಫ್ ಒಂದೇ ಹಾಕುವುದಕ್ಕಿಂತ, ಹಗುರ ಮಫ್ ಮತ್ತು 12 ರೂಪಾಯಿಯ ಪ್ಲಗ್ ಮೇಲು. ಅಬ್ಬಾ "ಲೆಕ್ಕ ಓದಿಸಿದ್ದು ವಸೂಲಾಯ್ತು" ಎಂದರು. ಅವರಿಂದ ಅಷ್ಟು ಬಂದರೆ ಬಹಳ.

ಹಿತವಾಗಿರುವುದು ಏಕೆ ಮುಖ್ಯ ಎಂಬುದಕ್ಕೂ ಲೆಕ್ಕವಿದೆ. ಎಷ್ಟೇ ಒಳ್ಳೆ ಮಫ್ ಇರಲಿ, ಸೆಖೆ ಎಂದು ಹದಿನೈದು ನಿಮಿಷ ಅದನ್ನು ತೆಗೆದು ಕೆಲಸ ಮಾಡಿದರೆ, 100 ಡೆಸಿಬಲ್‌ನಲ್ಲಿ ಆ ಹದಿನೈದು ನಿಮಿಷವೇ ಇಡೀ ದಿನದ ಪಾಲನ್ನು ತಿಂದುಹಾಕುತ್ತದೆ. ಉಳಿದ ನಾಲ್ಕೂಮುಕ್ಕಾಲು ಗಂಟೆ ಹಾಕಿದ್ದು ಹಾಕಿದಂತಲ್ಲ. ಆದ್ದರಿಂದ ತೆಗೆಯಬೇಕು ಎನಿಸದ ಮಫ್ ಬೇಕು. ಅಂಗಡಿಯಲ್ಲಿ ಅಬ್ಬಾ ಹತ್ತು ನಿಮಿಷ ಹಾಕಿಕೊಂಡೇ ಕೂತರು. ಒಂದು ನಿಮಿಷಕ್ಕೆ ಎಲ್ಲವೂ ಹಿತವೇ. ನೆತ್ತಿ ಮೇಲೆ ಪಟ್ಟಿ ಒತ್ತುತ್ತದೆಯೇ, ಕಿವಿಯ ತುದಿ ಕಪ್ಪಿನ ಒಳಗೋಡೆಗೆ ತಾಗುತ್ತದೆಯೇ, ಬಗ್ಗಿದಾಗ ಜಾರುತ್ತದೆಯೇ ನೋಡಿ. ಪಟ್ಟಿ ತೀರ ಬಿಗಿ ಇದ್ದರೆ ತಲೆನೋವು, ಸಡಿಲ ಇದ್ದರೆ ಸದ್ದು ಸೋರುತ್ತದೆ. ಕನ್ನಡಕದವರು ಸಪೂರ ಕಡ್ಡಿಯ ಕನ್ನಡಕ ಹಾಕಿ. ದಪ್ಪ ಕಡ್ಡಿ ದಿಂಬನ್ನು ಎತ್ತಿ ಸಂದು ಮಾಡುತ್ತದೆ. ಟೋಪಿಯ ಅಂಚು ದಿಂಬಿನ ಕೆಳಗೆ ಸಿಕ್ಕಿದರೂ ಅದೇ ಕಥೆ. ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ದುಪಟ್ಟಾದ ಮೇಲೆ ಮಫ್ ಹಾಕಿದರೆ ಬಟ್ಟೆಯ ಮಡಿಕೆಯಲ್ಲೇ ಸದ್ದು ನುಸುಳುತ್ತದೆ. ಮಫ್ ಒಳಗೆ ಕಿವಿಯ ಮೇಲೆ ಕೂತು ಬಟ್ಟೆ ಅದರ ಮೇಲೆ ಬರಬೇಕು, ಇಲ್ಲವಾದರೆ ಪ್ಲಗ್ ಸಾಕು. ನಮ್ಮ ಫುಫ್ಫಿ ಹಿಟ್ಟಿನ ಗಿರಣಿಯಲ್ಲಿ ಈಗ ಪ್ಲಗ್ ಹಾಕುತ್ತಾರೆ.

ಪ್ಲಗ್ ಹಾಕುವ ಕ್ರಮ ತಿಳಿಯದಿದ್ದರೆ ಅದು ಕಿವಿಯ ಬಾಗಿಲಲ್ಲಿ ಬೆಂಡಿನ ಚೂರಿನಂತೆ ಕೂರುತ್ತದೆ, ಅಷ್ಟೇ. ಕೈ ತೊಳೆದು, ಪ್ಲಗ್ಗನ್ನು ಬೆರಳಲ್ಲಿ ಹೊಸೆದು ಬತ್ತಿಯಷ್ಟು ಸಣ್ಣ ಮಾಡಿ. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ, ಆಗ ನಾಳ ನೇರವಾಗುತ್ತದೆ. ಒಳಗೆ ಇಟ್ಟು ಅರ್ಧ ನಿಮಿಷ ಬೆರಳಿಂದ ಹಿಡಿಯಿರಿ, ಅದು ಉಬ್ಬಿ ಕೂರುತ್ತದೆ. ಆಮೇಲೆ ಸದ್ದಿನ ಜಾಗದಲ್ಲಿ ಎರಡೂ ಅಂಗೈಯಿಂದ ಕಿವಿ ಮುಚ್ಚಿ ತೆಗೆದು ನೋಡಿ. ಮುಚ್ಚಿದಾಗ ಸದ್ದು ಬಹಳ ಕಡಿಮೆಯಾದರೆ ಪ್ಲಗ್ ಸರಿಯಾಗಿ ಕೂತಿಲ್ಲ. ಮೊದಲೆಲ್ಲ ಅಬ್ಬಾ ಹತ್ತಿ ಇಡುತ್ತಿದ್ದರು, ಮೇಲೆ ಟವೆಲ್ ಸುತ್ತುತ್ತಿದ್ದರು. ಹತ್ತಿಯಿಂದ ಸಿಗುವ ರಕ್ಷಣೆ ಬಹಳ ಕಡಿಮೆ. ಕಿವಿ ಸೋರುವವರು, ನೋವಿರುವವರು ವೈದ್ಯರನ್ನು ಕೇಳದೆ ಪ್ಲಗ್ ಇಡಬೇಡಿ.

ಖರ್ಚಿನ ಮಾತು. ಮಫ್ ಎರಡು ವರ್ಷ ಬರುತ್ತದೆ ಎಂದಿಟ್ಟುಕೊಂಡೆ, ವರ್ಷಕ್ಕೆ 550. ಬೆವರಿಗೆ ದಿಂಬು ಗಟ್ಟಿಯಾಗಿ ಬಿರಿಯುತ್ತದೆ, ಆರು ತಿಂಗಳಿಗೊಮ್ಮೆ 300 ಕೊಟ್ಟು ಬದಲಿಸಬೇಕು. ಮೊದಲ ಜೊತೆ ಮಫ್ ಜೊತೆಗೇ ಬರುವುದರಿಂದ ಎರಡು ವರ್ಷಕ್ಕೆ ಮೂರು ಜೊತೆ, ವರ್ಷಕ್ಕೆ 450. ಪ್ಲಗ್ ಎರಡು ದಿನಕ್ಕೆ ಒಂದು ಜೋಡಿಯಂತೆ 60 ಜೋಡಿ, 720. ಒಟ್ಟು 1,720. ಅದನ್ನು 120 ದಿನಕ್ಕೆ ಹಂಚಿದರೆ ದಿನಕ್ಕೆ 14 ರೂಪಾಯಿ ಚಿಲ್ಲರೆ. ನನ್ನ ಹೆಡ್‌ಫೋನ್ ಒಂದು ವರ್ಷ ಬಂದಿದ್ದರೂ ದಿನಕ್ಕೆ 18 ಬೀಳುತ್ತಿತ್ತು. ತೋಟದ ಯಜಮಾನರೊಬ್ಬರಿಗೆ ಅಬ್ಬಾ ಈ ಲೆಕ್ಕ ಹೇಳಿದಾಗ ಅವರು ಪ್ಲಗ್‌ನ ಖರ್ಚು ತಮ್ಮದು ಎಂದರು. ಉಳಿದವರು ಇನ್ನೂ ಹೇಳಿಲ್ಲ, ಅಬ್ಬಾ ಕೇಳಿಯೂ ಇಲ್ಲ.

ಕೆಲಸಕ್ಕೂ ಬೇಕು, ಹಾಡು-ಫೋನೂ ಬೇಕು ಎನ್ನುವವರಿಗೆ ಎನ್‌ಆರ್‌ಆರ್ ಅಂಕಿ ಇರುವ ಬ್ಲೂಟೂತ್ ಮಫ್ ಸಿಗುತ್ತದೆ. ಹತ್ತಿರದ ಮಾತನ್ನು ಒಳಗೆ ಬಿಟ್ಟು ಜೋರು ಸದ್ದನ್ನು ತಡೆಯುವ ಎಲೆಕ್ಟ್ರಾನಿಕ್ ಮಫ್ ಕೂಡ ಇದೆ. ಎರಡೂ ನಮ್ಮ ಜೇಬಿಗೆ ಮೀರಿದವು. ಬ್ಲೇಡ್ ತಿರುಗುವಾಗ ಹಾಡು ಬೇಡ ಎಂಬುದು ನನ್ನ ಅಭಿಪ್ರಾಯ, ಆ ಗೇಣು ಜಾಗವನ್ನು ನಾನು ನೋಡಿದ್ದೇನೆ. ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಬಸ್ಸಿನಲ್ಲಿ, ಪಕ್ಕದ ಮನೆಯ ಪಂಪ್‌ಸೆಟ್ ಸದ್ದಿನಲ್ಲಿ ಓದಲು ಅದು ಚೆನ್ನ. ಈ ಲೇಖನ ಬರೆಯುವಾಗಲೂ ನನ್ನ ತಲೆ ಮೇಲಿದೆ.

ಎರಡು ಪದರ ರಕ್ಷಣೆ ಹಾಕಿದ ಮನುಷ್ಯನಿಗೆ ಯಾರ ಕೂಗೂ ಕೇಳುವುದಿಲ್ಲ. ಅದಕ್ಕೆ ನಾವು ಹೊಸ ನಿಯಮ ಮಾಡಿಕೊಂಡಿದ್ದೇವೆ. ಮೆಷಿನ್ ಓಡುವಾಗ 15 ಮೀಟರ್ ಒಳಗೆ ಯಾರೂ ಹೋಗಬಾರದು, ಇದು ಪುಸ್ತಕದಲ್ಲೇ ಇದೆ. ಕರೆಯಬೇಕಾದರೆ ದೂರದಿಂದ ಸುತ್ತಿ ಅವರ ಎದುರಿಗೆ ಬಂದು ಕೆಂಪು ಟವೆಲ್ ಬೀಸಬೇಕು. ಅವರು ಎಂಜಿನ್ ಆರಿಸಿ ಮಫ್ ಎತ್ತಿದ ಮೇಲೆಯೇ ಮಾತು. ಮನೆಯಲ್ಲಿ ಅಮ್ಮಿ ಈಗ ಗಂಟೆಯನ್ನು ಬೆರಳು ತೋರಿಸಿ ಹೇಳುತ್ತಾರೆ.

ಮಫ್ ಹಾಕಲು ಶುರುಮಾಡಿ ಎರಡು ಹಂಗಾಮು ಆಯಿತು. ಸಂಜೆಯ ಸೀಟಿ ಮೊದಲಿನಷ್ಟು ಜೋರಿಲ್ಲ, ಪೂರ್ತಿ ಹೋಗಿಲ್ಲ. ಹೋದ ತಿಂಗಳು ಮತ್ತೆ ಪರೀಕ್ಷೆ ಮಾಡಿಸಿದಾಗ ಗ್ರಾಫಿನ ಆ ತಗ್ಗು ಅಲ್ಲೇ ಇತ್ತು, ಇನ್ನಷ್ಟು ಇಳಿದಿರಲಿಲ್ಲ. ಮುಂದಿನ ಪರೀಕ್ಷೆ ಮಾರ್ಚ್‌ನಲ್ಲಿ. ಮಾರ್ಚ್ 3 ವಿಶ್ವ ಶ್ರವಣ ದಿನ, ಆ ವಾರ ಕಾಲೇಜಿನಲ್ಲಿ ಪ್ಲಗ್ ಹಾಕುವುದನ್ನು ಮಾಡಿ ತೋರಿಸಲು ಸರ್ ಒಪ್ಪಿದ್ದಾರೆ. ಮನೆಯಲ್ಲಿ ಮೆಷಿನ್ ಕೆಲಸ ಇರುವವರು ತಮ್ಮ ಮೆಷಿನ್ನಿನ ಪುಸ್ತಕ ತಂದರೆ ಅದರಲ್ಲಿನ ಡೆಸಿಬಲ್ ನೋಡಿ ನಿಮ್ಮ ಗಂಟೆಗಳ ಲೆಕ್ಕವನ್ನು ಅಲ್ಲೇ ಹಾಕಿ ಕೊಡುತ್ತೇನೆ. ಮಧ್ಯಾಹ್ನದ ಬಿಡುವಿನಲ್ಲಿ ನಾನು ಕಾಮರ್ಸ್ ವಿಭಾಗದ ನೋಟಿಸ್ ಬೋರ್ಡಿನ ಹತ್ತಿರ ಸಿಗುತ್ತೇನೆ.